ಹುಳ ಇದ್ದರೆ ವಾಪಸ್ ತನ್ನಿ

ಅವರ ಬೆರಳುಗಳಿಂದ ಸದಾ ಕೊಳೆತ ಕಿತ್ತಳೆ ಸಿಪ್ಪೆಯ ವಾಸನೆ ಬರುತ್ತಿತ್ತು. ಹಾಗೆಂದು ಕೈ ತೊಳೆಯುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಮೊಣಕೈವರೆಗೂ ನೊರೆ ಮಾಡಿಕೊಂಡು, ಒಂದೊಂದು ಬೆರಳಿನ ಸಂದಿಯನ್ನೂ ಉಜ್ಜಿ, ಕೊನೆಗೆ ನಲ್ಲಿಯನ್ನು ಮೊಣಕೈಯಿಂದ ತಳ್ಳಿ ನಿಲ್ಲಿಸಲು ಹೋಗಿ, ಇದು ಆಸ್ಪತ್ರೆಯ ನಲ್ಲಿಯಲ್ಲ ಎಂದು ನೆನಪಾಗಿ ತಮ್ಮಷ್ಟಕ್ಕೆ ನಗುತ್ತಿದ್ದರು. ಆದರೂ ಆ ವಾಸನೆ ಹೋಗುತ್ತಿರಲಿಲ್ಲ. ಕರಿಬೇವಿನ ಗಿಡದ ಹುಳವನ್ನು ಮುಟ್ಟಿದರೆ ಅದು ತಲೆಯ ಹಿಂದಿನಿಂದ ಕೆಂಪಗಿನ ಕವಲುಕೋಡೊಂದನ್ನು ಚಾಚಿ ಈ ವಾಸನೆ ಬಿಡುತ್ತದೆ, ಮುಟ್ಟಿದವರು ಹೆದರಿ ಓಡಲಿ ಎಂದು. ಇವರು ಓಡುವ ಪೈಕಿ ಅಲ್ಲ. ದಿನವೂ ಹತ್ತಾರು ಹುಳಗಳಿಂದ ಬೈಸಿಕೊಂಡೇ ಬದುಕುತ್ತಿದ್ದರು.

ತೊಂಬತ್ತರ ದಶಕದ ನಡುವೆ ನಾವು ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ ಮಹಡಿ ಮನೆಯೊಂದಕ್ಕೆ ಬಾಡಿಗೆಗೆ ಬಂದೆವು. ಪಕ್ಕದ ಮನೆ ಅವರದು. ಹೆರಿಗೆ ಆಸ್ಪತ್ರೆಯಲ್ಲಿ, ಅದರಲ್ಲೂ ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ, ಜೀವಮಾನವಿಡೀ ನರ್ಸಾಗಿ ದುಡಿದು ಆಗಷ್ಟೇ ನಿವೃತ್ತರಾಗಿದ್ದರು. ಬೀದಿಗೆಲ್ಲ ಅವರು ಸಿಸ್ಟರಮ್ಮ. ಮದುವೆಯಾಗಿರಲಿಲ್ಲ. ಯಾಕೆ ಎಂದು ನನ್ನ ಅತ್ತೆ ಮೊದಲ ವಾರದಲ್ಲೇ ಕೇಳಿಬಿಟ್ಟರು. ನಾನು ನಾಚಿಕೆಯಿಂದ ನೆಲ ನೋಡುತ್ತಿದ್ದೆ.

"ಅಷ್ಟೊಂದು ಹೆರಿಗೆ ಕಣ್ಣಾರೆ ನೋಡಿದ್ಮೇಲೆ ಧೈರ್ಯ ಬರುತ್ತಾ, ನೀವೇ ಹೇಳಿ?" ಎಂದು ಸಿಸ್ಟರಮ್ಮ ನಕ್ಕರು. ಅತ್ತೆಗೂ ನಗು ತಡೆಯಲಾಗಲಿಲ್ಲ. ಅಲ್ಲಿಂದ ಅವರಿಬ್ಬರಿಗೂ ಗೆಳೆತನ, ಗೆಳೆತನದ ಜೊತೆಗೇ ಜಗಳ.

ಅವರ ಕಾಂಪೌಂಡಿನಲ್ಲಿ ಕರಿಬೇವಿನ ಗಿಡವಿತ್ತು. ಗಿಡ ಎನ್ನುವುದು ರೂಢಿ, ನಮ್ಮ ಮಹಡಿಯ ಕಿಟಕಿಗೆ ತಾಗುವಷ್ಟು ಎತ್ತರದ ಮರ. ಎಣ್ಣೆ ಕಾದು ಸಾಸಿವೆ ಸಿಡಿದ ಮೇಲೆ ಕರಿಬೇವು ಇಲ್ಲವೆಂದು ನೆನಪಾಗುವುದು ಎಲ್ಲ ಮನೆಗಳ ಕಥೆ. ಯಾರು ಹೋಗಿ ಗೇಟು ಅಲ್ಲಾಡಿಸಿದರೂ ಸಿಸ್ಟರಮ್ಮ ಒಂದು ಹಿಡಿ ಕಿತ್ತು ಕೊಡುತ್ತಿದ್ದರು. ಜೊತೆಗೆ ಒಂದು ಮಾತು: "ಹುಳ ಇದ್ರೆ ವಾಪಸ್ ತಂದ್ಕೊಡಿ."

ತಮಾಷೆಗೆ ಹೇಳುತ್ತಿದ್ದುದಲ್ಲ. ಸಣ್ಣ ಹುಳ ನೋಡಲು ಹಕ್ಕಿಯ ಹಿಕ್ಕೆಯ ಹಾಗೆ, ದೊಡ್ಡದಾದರೆ ಎಲೆಯದೇ ಹಸಿರು. ಎಲೆ ತೊಳೆಯುವಾಗ ಕಣ್ಣಿಗೆ ಬಿದ್ದರೆ ಒಂದು ಬಟ್ಟಲಿಗೆ ಹಾಕಿಕೊಂಡು ಹೋಗಿ ಒಪ್ಪಿಸಬೇಕು. ಒಪ್ಪಿಸದೆ ಚರಂಡಿಗೆ ಎಸೆದವರಿಗೆ ಮುಂದಿನ ಸಲ ಕರಿಬೇವು ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ಎಸೆದದ್ದು ಅವರಿಗೆ ಹೇಗೆ ತಿಳಿಯುತ್ತಿತ್ತೋ ದೇವರೇ ಬಲ್ಲ. ಅಂತೂ ನಮ್ಮ ಬೀದಿಯಲ್ಲಿ ಬಟ್ಟಲಲ್ಲಿ ಸಕ್ಕರೆ ಓಡಾಡುವಷ್ಟೇ ಸಲೀಸಾಗಿ ಹುಳವೂ ಓಡಾಡುತ್ತಿತ್ತು.

ಪೂರ್ವದ ಕಿಟಕಿಯಲ್ಲಿ ಅಗಲ ಬಾಯಿಯ ಗಾಜಿನ ಬಾಟಲಿಗಳ ಸಾಲು. ಬಾಯಿಗೆ ಗಾಯ ಕಟ್ಟುವ ತೆಳು ಬಟ್ಟೆ, ಅದಕ್ಕೊಂದು ರಬ್ಬರ್ ಬ್ಯಾಂಡು. ಒಳಗೆ ಎಲೆ, ಎಲೆಯ ಮೇಲೆ ಹುಳ. ಇದು ಅವರ ವಾರ್ಡು. ಬೆಳಿಗ್ಗೆ ಕಾಫಿಗೆ ಮೊದಲು ಹಿಕ್ಕೆ ತೆಗೆದು, ಬಾಟಲಿ ಒರೆಸಿ, ಎಳೆಯ ಎಲೆ ಇಟ್ಟು, "ಡ್ಯೂಟಿ ಮುಗೀತು" ಎಂದು ಕೂರುತ್ತಿದ್ದರು. ತಿಂದು ತಿಂದು ಬೆಳೆದ ಹುಳ ಒಂದು ದಿನ ಕಡ್ಡಿಗೆ ತನ್ನನ್ನು ಎಳೆಯಿಂದ ಬಿಗಿದುಕೊಂಡು ಗೂಡಾಗುತ್ತಿತ್ತು. ಕೆಲವು ದಿನಗಳಾದ ಮೇಲೆ ಕಪ್ಪು ರೆಕ್ಕೆಯಲ್ಲಿ ಬಿಳಿ ಮಚ್ಚೆಗಳ ಸಾಲು ಹೊತ್ತ ಚಿಟ್ಟೆ ಹೊರಬರುತ್ತಿತ್ತು. ಬಟ್ಟೆ ಬಿಚ್ಚಿ, ಬಾಟಲಿಯನ್ನು ಕಿಟಕಿಯಾಚೆ ಹಿಡಿದು, ಅವರು ಹೇಳುತ್ತಿದ್ದುದು ಒಂದೇ ಪದ: "ಡಿಸ್ಚಾರ್ಜ್."

"ಮಕ್ಕಳಿಗೆ ನಾಮಕರಣ ಯಾವಾಗ ಸಿಸ್ಟರಮ್ಮ?" ಎಂದು ಅತ್ತೆ ಮಹಡಿಯಿಂದಲೇ ಕಿಚಾಯಿಸುತ್ತಿದ್ದರು. ಆದರೆ ಅವರಿಗೆ ಇದೆಲ್ಲ ಪೂರ್ತಿ ಒಪ್ಪಿಗೆ ಇರಲಿಲ್ಲ. ನಮ್ಮ ಕಿಟಕಿಯ ಸಜ್ಜಾದ ಮೇಲೆ ಪಿಕಳಾರ ಹಕ್ಕಿ ಗೂಡು ಕಟ್ಟಿ ಮರಿ ಮಾಡಿದ್ದ ದಿನಗಳಲ್ಲಿ ಒಮ್ಮೆ ನೇರವಾಗಿಯೇ ಹೇಳಿದರು.

"ಅದು ಹಕ್ಕಿಗಳ ಅನ್ನ ಕಣ್ರೀ. ನೀವು ಎಲ್ಲಾ ಬಾಟ್ಲಿಗೆ ತುಂಬ್ಕೊಂಡ್ರೆ ಅದು ಮರಿಗೇನು ಇಡ್ಲಿ ತಿನ್ಸುತ್ತಾ?"

"ಗಿಡದಲ್ಲೇ ಬಿಟ್ರೆ ಒಂದೋ ಎರಡೋ ಉಳ್ಯುತ್ತೆ ಅಷ್ಟೆ."

"ಉಳ್ಯೋದು ಅಷ್ಟೇ ಇರ್ಲಿ ಅಂತ ಮೇಲಿರೋನೇ ಇಟ್ಟಿದ್ರೆ?"

"ಹಂಗಂದ್ಕೊಂಡು ಕೂತಿದ್ರೆ ನಮ್ಮ ವಾರ್ಡಿಂದ ಎಷ್ಟು ಮಕ್ಕಳು ಮನೆಗೆ ಹೋಗ್ತಿದ್ವು? ಇದು ಉಳ್ಯೋ ಕೂಸಲ್ಲ ಅಂತ ನಾನು ಯಾವತ್ತೂ ಕೈ ಬಿಟ್ಟೋಳಲ್ಲ."

ನನಗೆ ಆಗ ಸಿಸ್ಟರಮ್ಮ ಹೇಳಿದ್ದೇ ಸರಿ ಎನಿಸಿತ್ತು. ಒಂದು ಸಲ ಮಾತ್ರ ಅವರ ನಂಬಿಕೆ ಸ್ವಲ್ಪ ಅಲುಗಿದ್ದನ್ನು ಕಂಡೆ. ಯಾರೋ ಗಿಡದಿಂದ ತಂದುಕೊಟ್ಟಿದ್ದ ಗೂಡೊಂದರಿಂದ ಚಿಟ್ಟೆಯ ಬದಲು, ಸಣ್ಣ ತೂತು ಕೊರೆದುಕೊಂಡು, ನುಸಿಯಷ್ಟು ಪುಟ್ಟ ಕಣಜಗಳು ಸಾಲಾಗಿ ಹೊರಬಂದವು. ಅವುಗಳ ತಾಯಿ ಗೂಡಿನೊಳಗೆ ಮೊಟ್ಟೆಯಿಟ್ಟು ಹೋಗಿತ್ತು, ಮರಿಗಳು ಒಳಗಿನ ಜೀವವನ್ನೇ ತಿಂದು ಬೆಳೆದಿದ್ದವು. ಸಿಸ್ಟರಮ್ಮ ಸಿಟ್ಟಿನಿಂದ ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ಸಾಯಿಸತೊಡಗಿದರು. "ಅವೂ ಕೂಸುಗಳೇ ಅಲ್ವೇನ್ರೀ?" ಎಂದರು ಅತ್ತೆ. ಕೊಂಕಿಗೆ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಹೆಬ್ಬೆರಳು ನಿಂತಿತು. ಉಳಿದ ಕಣಜಗಳು ಹಾರಿಹೋದವು. ಆಮೇಲೆ ಆ ಸುದ್ದಿ ಎತ್ತಿದರೆ ಅವರು ಮಾತು ಬದಲಿಸುತ್ತಿದ್ದರು.

ನನ್ನ ಮಗಳು ಹುಟ್ಟುವಾಗ ನರ್ಸಿಂಗ್ ಹೋಮಿಗೆ ನನ್ನ ಜೊತೆ ಬಂದವರು ಅವರೇ. ನೋವು ತಾಳಲಾರದೆ ನಾನು ಏನಾದರೂ ಮಾಡಿ ಎಂದು ಗೋಗರೆಯುತ್ತಿದ್ದರೆ, ಬೆನ್ನು ಸವರುತ್ತ ಹೇಳಿದರು: "ನಮ್ಮ ದೊಡ್ಡ ಡಾಕ್ಟರಮ್ಮ ಒಂದ್ಮಾತು ಹೇಳ್ತಿದ್ರು ಕಣೇ. ಕೈ ರೆಡಿ ಇರ್ಲಿ, ಆದ್ರೆ ಕೈ ಹಾಕ್ಬೇಡಿ. ಅದರ ಪಾಡಿಗೆ ಅದು ಆಗುತ್ತೆ, ಸುಮ್ನಿರು." ಅವರು ಕೊಟ್ಟ ಧೈರ್ಯದಲ್ಲೇ ನಾನು ಹೆತ್ತೆ. ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಹೆರಿಗೆಗೆ ಹೇಳಿದ ಆ ಮಾತು ಅವರ ಕಿಟಕಿಯವರೆಗೆ ಬರಲೇ ಇಲ್ಲ. ಕೂಸುಗಳ ವಾರ್ಡಿನಲ್ಲಿ ಕೈ ಹಾಕುವುದೇ ಕೆಲಸವಾಗಿತ್ತಲ್ಲ, ಆ ರೂಢಿಯೇ ಗೆದ್ದಿತೇನೋ.

ಬರಬರುತ್ತ ಅವರ ಹೆಸರು ಹಬ್ಬಿತು. ತಿಲಕ್ ನಗರದಿಂದ, ಒಂಬತ್ತನೇ ಬ್ಲಾಕಿನಿಂದ ಜನ ಟಿಫಿನ್ ಡಬ್ಬಿಯಲ್ಲಿ ಹುಳ ತರತೊಡಗಿದರು. ಮನೆಯ ನಿಂಬೆಗಿಡ, ಕರಿಬೇವಿನ ಕುಂಡ ಬೋಳಾಗುತ್ತಿದೆ, ಕೊಲ್ಲಲು ಮನಸ್ಸು ಬಾರದು, ಸಿಸ್ಟರಮ್ಮ ಇದ್ದಾರಲ್ಲ. ಅವರಿಗೆ ಒಲ್ಲೆ ಎನ್ನಲು ಬರುತ್ತಿರಲಿಲ್ಲ. ಕಿಟಕಿ ತುಂಬಿ, ಊಟದ ಮೇಜು ತುಂಬಿ, ದೇವರ ಮನೆಯ ಕಟ್ಟೆಗೂ ಬಾಟಲಿ ಬಂತು. ಒಂದೊಂದು ಹುಳ ಇರುತ್ತಿದ್ದ ಬಾಟಲಿಯಲ್ಲಿ ಐದಾರು. "ವಾರ್ಡ್ ಫುಲ್ಲು, ಏನ್ಮಾಡೋದು? ವಾಪಸ್ ಕಳಿಸಕ್ಕಾಗುತ್ತಾ?" ಎನ್ನುತ್ತಿದ್ದರು, ಸುಸ್ತಿನಲ್ಲೂ ಒಂಥರಾ ಖುಷಿ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಶ್ರಾವಣ. ಬಿಡದೆ ಜಿಟಿಜಿಟಿ ಮಳೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಒಂದು ಬಾಟಲಿಯ ಹುಳ ಮೇವು ಬಿಟ್ಟಿತು. ಮಾರನೆಯ ದಿನ ಅದು ಕಪ್ಪಾಗಿ, ಮೆತ್ತಗಾಗಿ, ಕಡ್ಡಿಯಿಂದ ತಲೆಕೆಳಗಾಗಿ ಜೋತುಬಿದ್ದಿತ್ತು. ಮುಟ್ಟಿದರೆ ಕಪ್ಪು ನೀರು. ಆಮೇಲೆ ಪಕ್ಕದ ಬಾಟಲಿ, ಅದರ ಪಕ್ಕದ್ದು. ಸಿಸ್ಟರಮ್ಮ ಕುದಿಯುವ ನೀರಿನಲ್ಲಿ ಬಾಟಲಿ ತೊಳೆದರು, ಹುಳಗಳನ್ನು ಬೇರೆ ಬೇರೆ ಮಾಡಿದರು. ಬಾಟಲಿ ಸಾಲದೆ ಹೋಯಿತು. ಕೊನೆಗೆ ಚೆನ್ನಾಗಿ ತಿನ್ನುತ್ತಿದ್ದ ಹುಳಗಳನ್ನಾದರೂ ಉಳಿಸೋಣವೆಂದು ಅವನ್ನು ತಮ್ಮ ಮರಕ್ಕೆ ಬಿಟ್ಟರು. ಹೆಚ್ಚಾದವನ್ನು ತಂದವರ ಗಿಡಗಳಿಗೇ ವಾಪಸ್ ಬಿಟ್ಟು ಬಂದರು. ಅವತ್ತೂ ಹೇಳಿದ್ದು ಅದೇ ಪದ, ಡಿಸ್ಚಾರ್ಜ್. ದನಿಯಲ್ಲಿ ಮಾತ್ರ ಜೀವವಿರಲಿಲ್ಲ.

ಒಂದು ವಾರವೂ ಆಗಿರಲಿಲ್ಲ. ನಮ್ಮ ಮಹಡಿಯ ಕಿಟಕಿಯಿಂದ ನೋಡಿದರೆ ಅವರ ಮರದ ತುಂಬ ಕಪ್ಪು ದಾರದ ತುಂಡುಗಳು ಜೋತುಬಿದ್ದ ಹಾಗೆ ಕಾಣುತ್ತಿತ್ತು. ಮರದಲ್ಲೇ ಹುಟ್ಟಿ, ಅವರ ಬಾಟಲಿಯನ್ನು ಕಂಡೇ ಇರದ ಹುಳಗಳೂ ಸತ್ತಿದ್ದವು. ಎದುರು ಮನೆಯ ನಿಂಬೆಯಲ್ಲೂ ಅದೇ, ತಿಲಕ್ ನಗರದವರ ಕುಂಡದಲ್ಲೂ ಅದೇ. ಸಿಸ್ಟರಮ್ಮ ಮರದ ಕೆಳಗೆ ತಲೆ ಎತ್ತಿಕೊಂಡು ನಿಂತಿದ್ದರು. ನಾನೂ ಅತ್ತೆಯೂ ಇಳಿದು ಹೋದೆವು.

"ಒಂದೇ ತೊಟ್ಲಲ್ಲಿ ಮೂರು ಕೂಸು ಮಲಗಿಸಿದ್ರೆ ಏನಾಗುತ್ತೆ ಅಂತ ನಂಗೆ ಗೊತ್ತಿರ್ಲಿಲ್ವೇನೇ?" ಎಂದರು ನನ್ನ ಕಡೆ ತಿರುಗಿ. "ಎಳೇ ಹುಡುಗೀರಿಗೆ ಅದನ್ನೇ ಪಾಠ ಹೇಳ್ಕೊಂಡು ಬಂದೋಳು ನಾನು. ಸೋಂಕು ಇರೋ ವಾರ್ಡಿಂದ ಯಾರನ್ನೂ ಹೊರಗೆ ಬಿಡ್ಬಾರ್ದು ಅಂತ ಗೊತ್ತಿದ್ದೋಳು ನಾನೇ ಮನೆಮನೆಗೆ ಹಂಚಿ ಬಂದೆ."

"ಸೊಳ್ಳೆಗೆ ಅಂತ ಬೀದಿಗೆಲ್ಲ ಹೊಗೆ ಹಾಕಿದ್ರಲ್ಲ ಸಿಸ್ಟರಮ್ಮ, ಅದಕ್ಕೂ ಸತ್ತಿರ್ಬಹುದು" ಎಂದೆ. ನಿಜಕ್ಕೂ ಹೊಗೆ ಹಾಕಿದ್ದರು. ಯಾವುದರಿಂದ ಏನಾಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವರು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅತ್ತೆ ಸೆರಗಿನಿಂದ ಸಿಸ್ಟರಮ್ಮನ ಹಣೆಯ ಮಳೆನೀರು ಒರೆಸಿ, "ಒಳಗೆ ಬನ್ನಿ, ಕಾಫಿ ಮಾಡ್ತೀನಿ" ಎಂದರು.

ಬಾಟಲಿಗಳು ಅಟ್ಟಕ್ಕೆ ಹೋದವು. ಮುಂದಿನ ಮಳೆಗಾಲ ಮರದಲ್ಲಿ ಒಂದು ಹುಳವೂ ಕಾಣಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಒಂದು ಕಚ್ಚೂ ಇಲ್ಲದ ಎಲೆಗಳು ಫಳಫಳ ಹೊಳೆಯುತ್ತಿದ್ದವು. ಹುಳ ಆರಿಸುವ ಕಷ್ಟ ತಪ್ಪಿತೆಂದು ಮೊದಮೊದಲು ಹೇಳಿದ ಅತ್ತೆಯೇ ಒಂದು ದಿನ ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹುಳಾನೂ ಮುಟ್ದೇ ಇರೋ ಎಲೇನ ಒಗ್ಗರಣೆಗೆ ಹಾಕಕ್ಕೆ ಯಾಕೋ ಮನಸ್ಸೇ ಬರಲ್ಲ ಕಣೆ" ಎಂದರು. ಸಿಸ್ಟರಮ್ಮ ಆಗಲೂ ಕೇಳಿದವರಿಗೆ ಕಿತ್ತು ಕೊಡುತ್ತಿದ್ದರು. ಜೊತೆಗಿನ ಆ ಮಾತು ನಿಂತುಹೋಗಿತ್ತು. ಆದರೆ ಬೆಳಿಗ್ಗೆ ಕಾಫಿಗೆ ಮೊದಲು ಮರದ ಕೆಳಗೆ ನಿಂತು, ಕೈಗೆಟುಕುವ ಕೊಂಬೆಗಳನ್ನು ಬಗ್ಗಿಸಿ, ಎಲೆಯ ಹಿಂಬದಿಯನ್ನು ಹುಡುಕುವುದು ನಿಂತಿರಲಿಲ್ಲ.

ಅಂಜನಾಪುರದಲ್ಲಿ ನಮಗೊಂದು ಸೈಟಾಗಿ, ಮನೆ ಕಟ್ಟಿಕೊಂಡು ಹೊರಡುವಾಗ ಅವರು ಮರದ ಬುಡದಲ್ಲಿ ಎದ್ದಿದ್ದ ಸಣ್ಣ ಸಸಿಯೊಂದನ್ನು ಬೇರು ಸಮೇತ ಕಿತ್ತು, ಒದ್ದೆ ಗೋಣಿತುಂಡಿನಲ್ಲಿ ಸುತ್ತಿ ಕೊಟ್ಟರು.

"ಎಷ್ಟು ಮುಟ್ಬೇಕಿತ್ತು ಅನ್ನೋದೇ ನಂಗೆ ಗೊತ್ತಾಗ್ಲಿಲ್ಲ ಕಣೇ. ಏನೂ ಮಾಡ್ದೆ ನೋಡ್ಕೊಂಡು ಕೂರಕ್ಕೂ ಆಗ್ತಿರ್ಲಿಲ್ಲ. ಒಂದೆರಡು ಬಾಟ್ಲಿಗೇ ನಿಲ್ಸಿದ್ರೆ ಸರಿ ಹೋಗ್ತಿತ್ತೋ, ಬಾಟ್ಲೀನೇ ಬೇಡವಾಗಿತ್ತೋ." ಸಸಿಯ ಎಲೆಯೊಂದನ್ನು ತಿರುಗಿಸಿ ನೋಡಿ, "ಇದಕ್ಕೆ ಹುಳ ಬಂದ್ರೆ ನಂಗೊಂದು ಮಾತು ಹೇಳು. ಬಾಟ್ಲಿ ಗೀಟ್ಲಿ ತರಲ್ಲ. ಬಂದಿದೆ ಅಂತ ಹೇಳು, ಸಾಕು" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಬೆರಳುಗಳಲ್ಲಿ ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ನಾನು ಆಗಾಗ ಫೋನ್ ಮಾಡುತ್ತಿದ್ದೆ. ಅವರು ಮಗಳ ಓದು, ಅತ್ತೆಯ ಮಂಡಿನೋವು ಎಲ್ಲ ವಿಚಾರಿಸಿಕೊಂಡು, ಇಡುವ ಮುಂಚೆ, "ಗಿಡ ಹೆಂಗಿದೆ?" ಎನ್ನುತ್ತಿದ್ದರು. "ಚೆನ್ನಾಗಿದೆ" ಎನ್ನುತ್ತಿದ್ದೆ. ಅವರು ಕೇಳಿದ್ದು ಅದನ್ನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಯುಗಾದಿ ಕಳೆದು ಕೆಲವೇ ದಿನಕ್ಕೆ ಅವರ ಅಕ್ಕನ ಮಗ ಫೋನ್ ಮಾಡಿ ತಿಳಿಸಿದ. ಬೆಳಿಗ್ಗೆ ಹೃದಯಾಘಾತವಾಗಿ, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರಂತೆ. ತಾನೇ ಎಲ್ಲವನ್ನೂ ಕೊಂದೆ ಎಂಬ ಕೊರಗನ್ನು ಜೊತೆಗೇ ಒಯ್ದರು. ನನಗೆ ಇವತ್ತಿಗೂ ಸುಡುವುದು ಅದೇ.

ಅದೇ ವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ಅಂಜನಾಪುರದ ಮನೆಯ ಮುಂದೆ ಎದೆಮಟ್ಟಕ್ಕೆ ಬೆಳೆದಿದ್ದ ಆ ಗಿಡದ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಕಂಡಿತು. ಒರೆಸಲು ಹೋದೆ. ಅದು ಕೆಂಪು ಕೋಡು ಚಾಚಿತು. ಆ ವಾಸನೆ ಮೂಗಿಗೆ ಬಡಿಯುತ್ತಲೇ ನನಗೆ ಅಳು ಬಂತು. ಪಕ್ಕದ ಕಡ್ಡಿಯಲ್ಲಿ ಇನ್ನೂ ಎರಡು ಇದ್ದವು.

"ಅತ್ತೆ, ಹುಳ ಬಂದಿದೆ" ಎಂದು ಕೂಗಿದೆ.

"ಸಿಸ್ಟರಮ್ಮಂಗೆ ಹೇಳಿದ್ಯಾ?" ಎಂದು ಒಳಗಿನಿಂದ ಅತ್ತೆ ಕೇಳಿದರು. ಕೇಳಿದ ಮೇಲೆ ಅವರಿಗೂ ಹೊಳೆಯಿತು. ಮಂಡಿ ಹಿಡಿದುಕೊಂಡು ನಿಧಾನವಾಗಿ ಹೊರಗೆ ಬಂದು ನನ್ನ ಪಕ್ಕ ನಿಂತರು.

ಮಧ್ಯಾಹ್ನ ಪಿಕಳಾರವೊಂದು ಕಾಂಪೌಂಡಿನ ಮೇಲೆ ಕೂತು ಕತ್ತು ಓರೆ ಮಾಡಿ ನೋಡಿತು. ಓಡಿಸಲು ನನ್ನ ಕೈ ತಾನಾಗಿ ಎದ್ದಿತು. ಎದ್ದ ಕೈ ಹಾಗೇ ನಿಂತಿತು. ಹಕ್ಕಿ ಒಂದು ಹುಳವನ್ನು ಕಚ್ಚಿಕೊಂಡು ಹೋಯಿತು. ಮಾರನೆಯ ಬೆಳಿಗ್ಗೆ ಅತ್ತೆ ಒಗ್ಗರಣೆಗೆ ಎಲೆ ಕೀಳಲು ಬಂದಾಗ, "ಹುಳ ಇರೋ ಆ ಕೊಂಬೆ ಬೇಡ ಅತ್ತೆ, ಈ ಕಡೇದು ಕಿತ್ಕೊಳ್ಳಿ" ಎಂದೆ. ಅಷ್ಟರಮಟ್ಟಿಗೆ ಕೈ ಹಾಕಬಹುದೋ ಇಲ್ಲವೋ, ಕೇಳೋಣವೆಂದರೆ ಸಿಸ್ಟರಮ್ಮ ಇಲ್ಲ.