ಶಾಲೆ ಬದಲಾದ ಆ ಬೇಸಿಗೆ

ಡೊಂಬಿವಲಿಯಲ್ಲಿ ಆಗಿನ್ನೂ ಸಾಲುಮನೆಗಳ ಹಳೆಯ ಚಾಳುಗಳು ಉಳಿದಿದ್ದವು. ಬೇಸಿಗೆ ರಜೆ ಬಂತೆಂದರೆ ಮಕ್ಕಳೆಲ್ಲ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತ ಅಂಗಳದಲ್ಲಿ ಲಗೋರಿ ಆಡುತ್ತಿದ್ದೆವು. ಮೂರನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಮಾತ್ರ ನನಗೆ ಆಟದಲ್ಲಿ ಮನಸ್ಸು ನಿಲ್ಲಲಿಲ್ಲ. ಚೆಂಡು ನನ್ನತ್ತ ಬರುತ್ತಿದ್ದರೂ ಕಿವಿ ನಮ್ಮ ಮನೆಯ ಬಾಗಿಲ ಕಡೆಗೇ. ಒಳಗೆ ಅಪ್ಪ ಅಮ್ಮ ನನ್ನ ಶಾಲೆಯ ವಿಷಯಕ್ಕೆ ವಾದ ಮಾಡುತ್ತಿದ್ದರು.

ನಾನು ಓದುತ್ತಿದ್ದದ್ದು ಕನ್ನಡ ಶಾಲೆಯಲ್ಲಿ. ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದ ಅಪ್ಪನಿಗೆ ನಾನು ಅಲ್ಲೇ ಮುಂದುವರಿಯಬೇಕೆಂದಿತ್ತು. ಉಡುಪಿಯಲ್ಲಿ ಏಳನೆಯವರೆಗೆ ಓದಿ ಮದುವೆಯಾಗಿ ಬಂದ ಅಮ್ಮನಿಗೆ ಇಂಗ್ಲಿಷ್ ಶಾಲೆಯೇ ಆಗಬೇಕಿತ್ತು.

“ಆಸ್ಪತ್ರೆಗೆ ಹೋದ್ರೂ ನಾನು ಇನ್ನೊಬ್ಬರ ಮುಖ ನೋಡ್ಬೇಕು. ಇವಳಿಗೆ ಹಾಗಾಗುದು ಬೇಡ.”

“ಮನೆಯಲ್ಲಿ ಪಾಠ ಹೇಳಿಕೊಡುದು ನೀನು. ಇಂಗ್ಲಿಷ್ ಪುಸ್ತಕ ತಂದ್ರೆ ಎಂತ ಮಾಡ್ತಿ?” ಎಂದು ಅಪ್ಪ ಕೇಳಿದರು.

ಒಗ್ಗರಣೆ ಸೀದ ವಾಸನೆ ಹೊರಗಿನವರೆಗೂ ಬಂತು.

ಒಂದು ದಿನ ಬದಲಿಸುವುದೆಂದು ಆಗುತ್ತಿತ್ತು, ಮರುದಿನ ಬೇಡವೆಂದು. ನನ್ನನ್ನು ಯಾರೂ ಕೇಳಲಿಲ್ಲ. ಕೇಳುತ್ತಿದ್ದವಳು ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ವಿಜಯಪುರದ ಕಡೆಯ ರೇಣುಕಾ ಒಬ್ಬಳೇ.

“ಏನಾತು? ಮುಂದಿನ ವರ್ಷ ನನ್ನ ಬಾಜೂಕ ಕುಂದರ್ತೀಯೋ ಇಲ್ಲೋ?”

“ಗೊತ್ತಿಲ್ಲ ಮಾರಾಯ್ತಿ.”

“ಹಂಗಂದ್ರ ಹೊಂಟಿ ಬಿಡು,” ಎಂದು ಅವಳು ಮುಖ ತಿರುಗಿಸಿ ಹೋದಳು.

ಕೊನೆಗೊಂದು ಬೆಳಿಗ್ಗೆ ಅಮ್ಮ ನನ್ನ ಕೈಹಿಡಿದು ಠಾಕುರ್ಲಿ ಕಡೆಯ ಇಂಗ್ಲಿಷ್ ಶಾಲೆಗೆ ಹೊರಟಳು. ಅಲ್ಲಿನ ಟೀಚರ್ ಕೇಳಿದ್ದೊಂದೂ ನನಗೆ ಅರ್ಥವಾಗಲಿಲ್ಲ. ನಾನು ಅಮ್ಮನ ಮುಖ ನೋಡಿದೆ, ಅಮ್ಮ ನನ್ನ ಮುಖ ನೋಡಿದಳು. ಮತ್ತೆ ಮೂರನೆಯ ತರಗತಿಯಲ್ಲೇ ಕೂರಿಸುವುದಾದರೆ ಸೇರಿಸಿಕೊಳ್ಳುತ್ತೇವೆ ಎಂದು ಟೀಚರ್ ಹಿಂದಿಯಲ್ಲಿ ಹೇಳಿದರು. ಅಮ್ಮ ಇದಕ್ಕೆ ಖಂಡಿತ ಒಪ್ಪುವುದಿಲ್ಲವೆಂದು ನನಗೆ ಒಳಗೊಳಗೇ ಖುಷಿಯಾಯಿತು.

ಅಮ್ಮ ಸೆರಗು ಸರಿಮಾಡಿಕೊಂಡು, “ಚಲೇಗಾ,” ಎಂದು ಒಪ್ಪಿಬಿಟ್ಟಳು.

ದಾರಿಯುದ್ದಕ್ಕೂ ನಾನು ಅಳುತ್ತಲೇ ಬಂದೆ. “ಒಂದು ವರ್ಷ ಹೋದ್ರೆ ಹೋಗ್ಲಿ ಮಗಾ,” ಎಂದು ಅಮ್ಮ ಕಬ್ಬಿನಹಾಲು ಕೊಡಿಸಿದಳು. ನಾನು ಕುಡಿಯಲಿಲ್ಲ.

ಜೂನ್ ಬಂತು. ಹೊಸ ಶಾಲೆಯ ಮೊದಲ ಸಂಜೆ ಅಮ್ಮ ಯಾವತ್ತಿನಂತೆ ಚಾಪೆ ಹಾಸಿ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿದಳು. ಕನ್ನಡ ಪಾಠಗಳನ್ನು ಅವಳು ಕತೆ ಹೇಳಿದ ಹಾಗೆ ಓದುತ್ತಿದ್ದಳು, ನಾನು ದನಿಗೂಡಿಸುತ್ತಿದ್ದೆ. ಅಂದು ಹಾಳೆ ತಿರುವಿದಳು, ಚಿತ್ರಗಳನ್ನು ನೋಡಿದಳು.

“ಇಲ್ಲಿ ಎಂತ ಬರೆದದ್ದು?”

“ಗೊತ್ತಿಲ್ಲಮ್ಮ.”

ಅಮ್ಮ ಪುಸ್ತಕ ಮುಚ್ಚಿ ನನ್ನ ಕೈಗಿಟ್ಟಳು. ಮರುದಿನದಿಂದ ಎದುರು ಕಟ್ಟಡದ ಟ್ಯೂಷನ್ ಶುರುವಾಯಿತು, ಅಮ್ಮ ಪಾಠಕ್ಕೆಂದು ಚಾಪೆ ಹಾಸುವುದು ನಿಂತಿತು.

ಈಗ ನಾನು ಬೇರೆ ಮನೆ ಮಾಡಿಕೊಂಡು ಬೇಲಾಪುರದ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ಇಂಗ್ಲಿಷ್ ನನಗೆ ನೀರು ಕುಡಿದಷ್ಟು ಸಲೀಸು. ಅಮ್ಮ ಹಟ ಹಿಡಿದದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ದಿನಾ ಸಂಜೆ ಫೋನಿನಲ್ಲಿ ನಾವು ಆಡುವುದು ಊಟ ಆಯ್ತಾ, ಟ್ರೇನ್ ಸಿಕ್ಕಿತಾ, ಇಷ್ಟೇ. ಅದಾದ ಮೇಲೆ ಏನು ಮಾತಾಡಬೇಕೆಂದು ಅವಳಿಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ.