ಎಡಗಡೆಯ ಬಿಳಿ ಗೆರೆ

ನನ್ನ ಸೋದರಮಾವ ಯಶವಂತನಗರದ ಹತ್ತಿರದ ಗಣಿಯಲ್ಲಿ ಬಂಡೆ ಸಿಡಿಸುವ ಕೆಲಸ ಮಾಡಿ ನಿವೃತ್ತರಾದವರು. ಆ ಕೆಲಸ ಅವರ ಎಡಗಿವಿಯನ್ನು ತಾನೇ ಇಟ್ಟುಕೊಂಡು ಬಲಗಿವಿಯನ್ನಷ್ಟೇ ಮನೆಗೆ ಕಳಿಸಿತ್ತು. ನಾಲ್ಕು ಜನ ಕೂಡಿ ಮಾತಾಡಿದರೆ ಅವರಿಗೆ ಒಂದೂ ತಿಳಿಯದು. ಹಾಗಾಗಿ ಮದುವೆ, ಸೀಮಂತ ಎಂದು ಯಾರು ಕರೆದರೂ ಹೋಗುವುದನ್ನು ಬಿಟ್ಟಿದ್ದರು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೊಸಪೇಟೆಯ ನಮ್ಮ ಮನೆಗೆ ಬರುವುದೊಂದು ಉಳಿದಿತ್ತು. ಅದೂ ಒಂದು ವಿಡಿಯೊ ಗೇಮಿನ ಆಸೆಗೆ.

ಅದು ಸೈನಿಕರ ಆಟ. ಸುಮ್ಮನೆ ಗುಂಡು ಹಾರಿಸುತ್ತ ಓಡಿದರೆ ನಡೆಯುವುದಿಲ್ಲ. ನಾಲ್ವರ ತಂಡ ಉಪಾಯ ಹೂಡಿ ಒಂದೊಂದೇ ಕೋಣೆ ಗೆಲ್ಲಬೇಕು. ಟಿವಿಯ ಅರ್ಧ ಪರದೆ ನನ್ನದು, ಅರ್ಧ ಅವರದು. ಉಳಿದಿಬ್ಬರು ಸೈನಿಕರನ್ನು ಆಟವೇ ನಡೆಸುತ್ತಿತ್ತು.

ಬಾಗಿಲು ಸಿಡಿಸುವುದು ಯಾವಾಗಲೂ ಮಾವನ ಪಾಲು. ಗಣಿಯ ಶಿಸ್ತು ಕೈಬಿಟ್ಟಿರಲಿಲ್ಲ. ಮೊದಲು ಬಾಯಲ್ಲೇ ಸೀಟಿ ಹೊಡೆಯುವರು. ನಾನು “ದೂರ ಅದೀನ್ರಿ” ಅನ್ನುವ ತನಕ ಗುಂಡಿ ಒತ್ತುವವರಲ್ಲ. ಸಿಡಿದ ಕೂಡಲೇ ಒಳಗೆ ನುಗ್ಗಬೇಕೆಂಬುದು ಆಟದ ಲೆಕ್ಕ. ಮಾವನದು ಬೇರೆ ಲೆಕ್ಕ. ನನ್ನ ಎದೆಗೆ ಕೈ ಅಡ್ಡ ಹಿಡಿಯುತ್ತಿದ್ದರು.

“ಹೊಗಿ ಆರ್ಲಿ ಅಳಿಯಾ. ಕಲ್ಲು ಇನ್ನಾ ಉದುರ್ತಿರ್ತಾವ.”

“ಮಾವ, ಇದು ಟಿವಿ ರೀ! ಒಳಗಿನವ್ರು ಎಚ್ಚರ ಆಗ್ತಾರ!”

“ಆಗ್ಲಿ ಬಿಡು. ನನ್ ಕೈಯಾಗ ಈತನಕ ಒಬ್ಬಗೂ ಗಾಯ ಆಗಿಲ್ಲ. ಈಗ ನಿನ್ನ ಕೊಂದು ನಮ್ಮಕ್ಕಗ ಏನ್ ಹೇಳ್ಲಿ?”

ಅಷ್ಟರಲ್ಲಿ ಆಟದ ಆ ಇಬ್ಬರು ಪೆದ್ದರು ಹೊಗೆಯೊಳಗೆ ತಾವೇ ಓಡಿಹೋಗಿ ಸತ್ತಿರುತ್ತಿದ್ದರು. ಸೋತು ಸೋತು ನಗುತ್ತಿದ್ದೆವು.

ಒಂದು ಭಾನುವಾರ ಮಾತ್ರ ನಾನು ಕೆಟ್ಟೆ. ಗೆಲ್ಲುವ ಹೊತ್ತಿಗೆ ಎಡಗಡೆಯಿಂದ ಶತ್ರು ದಡದಡ ಓಡಿಬಂದು ಇಬ್ಬರನ್ನೂ ಹೊಡೆದ. ಸಿಟ್ಟಿನಲ್ಲಿ ಬಾಯಿ ಜಾರಿತು: “ಅಷ್ಟು ಸಪ್ಪಳ ಕೇಳ್ಲಿಲ್ಲೇನ್ರಿ?”

ಮಾವ ಕಂಟ್ರೋಲರ್ ಮೆಲ್ಲಗೆ ಕೆಳಗಿಟ್ಟರು. “ನೀ ಆಡು, ನಾ ನೋಡ್ತೀನಿ.” ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫೋನ್ ಮಾಡಿದರೆ ಅತ್ತೆ ಎತ್ತಿದರು. “ಕಾಲು ನೋವು ಅಂತಾರ. ಕಾಲಿಗೆ ಏನೂ ಆಗಿಲ್ಲ, ಅಳಿಯಾ.”

ತಿಂಗಳುಗಳು ಹೋದವು. ಆ ಆಟದ ಎರಡನೆಯ ಭಾಗ ಬಂತು. ಬಂದೂಕುಗಳ ಪಟ್ಟಿ ಉದ್ದವಾಗಿತ್ತು, ಅದು ನಮಗೆ ಬೇಕಿರಲಿಲ್ಲ. ಆದರೆ ಸೆಟ್ಟಿಂಗಿನ ಮೂಲೆಯಲ್ಲಿ ಒಂದು ಹೊಸ ಅನುಕೂಲ ಕಂಡಿತು: ಯಾವ ಕಡೆ ಸಪ್ಪಳವಾಗುತ್ತದೋ ಪರದೆಯ ಆ ಕಡೆಯ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ, ಹತ್ತಿರ ಬಂದಷ್ಟೂ ದಪ್ಪವಾಗುತ್ತದೆ. ಎಲ್ಲೋ ಕೂತ ಯಾರೋ ಪುಣ್ಯಾತ್ಮರು ಕಿವಿ ಇಲ್ಲದವರನ್ನು ನೆನೆಸಿಕೊಂಡಿದ್ದರು. ಆ ಭಾನುವಾರವೇ ಆಟದ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತ ಯಶವಂತನಗರದ ಮಾವನ ಮನೆಗೆ ಹೋದೆ.

“ಕಿವುಡಗ ಯಾಕಪ್ಪಾ ಯುದ್ಧ?” ಅಂದರು ಮಾವ. ಆದರೂ ಕೂತರು.

ಬಾಗಿಲು ಬಂತು. ಸೀಟಿ ಹೊಡೆದರು. “ದೂರ ಅದೀನ್ರಿ” ಅಂದೆ. ಬಾಗಿಲು ಸಿಡಿಯಿತು. ಹೊಸ ಆಟದಲ್ಲಿ ಆ ಇಬ್ಬರು ಸೈನಿಕರು ಅಪ್ಪಣೆಯಿಲ್ಲದೆ ಕದಲುವುದಿಲ್ಲ. ಗೋಡೆಗೆ ಬೆನ್ನು ಹಚ್ಚಿ ಮಾವನಿಗಾಗಿ ಕಾಯುತ್ತ ನಿಂತರು.

“ನೋಡ್ಲೇ, ಇವಕ್ಕೂ ಈಗ ಬುದ್ಧಿ ಬಂತು!”

ಅತ್ತೆ ಒಗ್ಗರಣೆ ಮಂಡಕ್ಕಿ, ಬಜ್ಜಿ ತಂದಿಟ್ಟರು. ನಾನು ಬಜ್ಜಿಗೆ ಕೈ ಹಾಕಿದ್ದೆ. “ಎಡಕ್ಕ!” ಎಂದು ಮಾವ ಕೂಗಿ, ತಿರುಗಿ ಹೊಡೆದರು. ನನ್ನ ಬೆನ್ನ ಹಿಂದೆಯೇ ಶತ್ರು ಬಿದ್ದಿದ್ದ. ಪರದೆಯ ಅಂಚಿನಲ್ಲಿ ಬಿಳಿ ಗೆರೆ ಇನ್ನೂ ಆರುತ್ತಿತ್ತು.

ಮಾವ ನನ್ನ ಕಡೆ ತಿರುಗಿದರು. ಮುಖದಲ್ಲಿ ಗಣಿ ಗೆದ್ದ ಗತ್ತು.

“ಅಷ್ಟು ಸಪ್ಪಳ ಕೇಳ್ಲಿಲ್ಲೇನ್ಲೇ ನಿನಗ?”

ತಿಂಗಳುಗಟ್ಟಲೆ ಎದೆಯಲ್ಲಿ ಹೊತ್ತಿದ್ದ ಕಲ್ಲು ಇಳಿಯಿತು. ನಾನು ಕೇಳಬೇಕೆಂದಿದ್ದ ಕ್ಷಮೆಯನ್ನು ಕೇಳುವ ಮೊದಲೇ ಮಾವ ಕೊಟ್ಟುಬಿಟ್ಟಿದ್ದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು.

“ನಾ ಕರದಾಗೂ ಅಂಥದೊಂದು ಗೆರಿ ಮೂಡೋ ಹಂಗ ಮಾಡೋ, ಅಳಿಯಾ.”

ಎಡಗಡೆ ಕೂತು ಹೇಳಿದ್ದರಿಂದ ಮಾವನಿಗೆ ಅದು ಕೇಳಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಹೊಸಪೇಟೆಯ ನಮ್ಮ ಬಾಗಿಲಲ್ಲಿ ಸೀಟಿ ಕೇಳಿತು. “ದೂರ ಅದೀನ್ರಿ” ಎನ್ನುತ್ತ ಓಡಿಹೋಗಿ ಚಿಲಕ ತೆಗೆದೆ.