ಮನೆಗೊಂದೇ ದೀಪ

ಹುಣಸೂರಿನ ನಮ್ಮ ಮನೆಗೆ ಕರೆಂಟು ಬಂದ ಹೊಸತರಲ್ಲಿ ಬಲ್ಬಿಗೆ ಇಷ್ಟು ಎಂದು ತಿಂಗಳ ದರ ಗೊತ್ತುಮಾಡಿದ್ದರು. ಉರಿಸಿದರೂ ಅಷ್ಟೇ, ಆರಿಸಿದರೂ ಅಷ್ಟೇ. ಹೀಗಿರುವಾಗ ಆರಿಸುವವರು ಯಾರು? ಕೊಟ್ಟಿಗೆಯ ಎಮ್ಮೆಗಳು ಕೂಡ ಬೆಳಕಿನಲ್ಲೇ ಮೆಲುಕು ಹಾಕುತ್ತಿದ್ದವು.

ಆಮೇಲೆ ಮೀಟರು ಬಂತು. ಮೊದಲ ಬಿಲ್ಲು ನೋಡಿದ ಅಪ್ಪ ಮೀಟರಿನ ಎದುರಿಗೇ ಕುರ್ಚಿ ಹಾಕಿಕೊಂಡ. ಗಾಜಿನೊಳಗೆ ಚಕ್ರ ತಿರುಗಿದಂತೆಲ್ಲ, ಯಾರದೋ ದನ ತನ್ನ ಹೊಲ ಮೇಯುವುದನ್ನು ಕಂಡವನ ಹಾಗೆ ಮುಖ ಗಂಟಿಕ್ಕುತ್ತಿದ್ದ. ಪೂರ್ತಿ ಆರಿಸೋಣವೆಂದರೆ ಅಜ್ಜಿ ಬಿಡಳು; ಮುಸ್ಸಂಜೆಯಲ್ಲಿ ದೀಪ ಆರಿಸಿದ ಮನೆಗೆ ಲಕ್ಷ್ಮಿ ಬರುವುದಿಲ್ಲವಂತೆ. ಕೊನೆಗೆ ತಾಯಿ ಮಗ ರಾಜಿಯಾದರು: ಮನೆಗೆಲ್ಲ ಒಂದೇ ದೀಪ, ನಡುಮನೆಯಲ್ಲಿ. ಯಾರ ಕೆಲಸವಾದರೂ ಅದರ ಕೆಳಗೇ ಆಗಬೇಕು.

ಪೆಟ್ಟು ಬಿದ್ದದ್ದು ಅತ್ತೆಗೆ. ಅವಳು ಅಪ್ಪನ ತಂಗಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವಳು. ಲೋಯರ್ ಸೆಕೆಂಡರಿ ಪರೀಕ್ಷೆಗೆ ಕಟ್ಟಿದ್ದಳು. ಪಾಸಾದರೆ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಾಠ ಹೇಳುವ ಕೆಲಸ. ಇಲ್ಲವಾದರೆ ಸಾಯುವತನಕ ನಮ್ಮ ಒಲೆ. ಹಗಲೆಲ್ಲ ಮನೆಗೆಲಸ, ಓದಲು ಸಿಗುತ್ತಿದ್ದದ್ದು ಸಂಜೆ ಮಾತ್ರ. ಯುದ್ಧದ ಕಾಲವಾದ್ದರಿಂದ ಸೀಮೆಎಣ್ಣೆಯೂ ಸಿಗುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದುತ್ತಿದ್ದವಳು ಈಗ ನಮ್ಮ ಸಂತೆಯೊಳಗೆ ಬಂದು ಕೂತಳು.

ಅವರೆಕಾಯಿ ಕಾಲ ಅದು. ಅವ್ವ, ಅಜ್ಜಿ, ನಾವು ಅಕ್ಕತಂಗಿಯರು ನೆನೆದ ಕಾಳು ಹಿಚುಕುತ್ತಾ ಊರವರ ಸಿಪ್ಪೆಯನ್ನೂ ಸುಲಿಯುತ್ತಿದ್ದೆವು. ಅತ್ತೆ ಒಂದೇ ಪುಟ ಹಿಡಿದು ಕೂತಿರುತ್ತಿದ್ದಳು. ಸುಮ್ಮನಿರಿ ಎಂದು ಒಮ್ಮೆಯೂ ಅನ್ನಲಿಲ್ಲ. ಅಣ್ಣನ ಮನೆಯ ಅನ್ನ ತಿನ್ನುವವಳಿಗೆ ಆ ಬಾಯಿ ಎಲ್ಲಿಂದ ಬರಬೇಕು?

ಒಂದು ಸಂಜೆ ಅವಳು ಪುಸ್ತಕ ಮಡಚಿಟ್ಟು, ಸೆರಗು ಸಿಕ್ಕಿಸಿ, ಕಾಳಿನ ಬೋಗುಣಿಗೆ ಕೈ ಹಾಕಿದಳು. ಇನ್ನು ಓದುವುದಿಲ್ಲ ಎಂದಳು. ಅವ್ವ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಅಪ್ಪ ಕುರ್ಚಿಯಿಂದ ಎದ್ದ. ಹೋಗಿ ಹಿಂದಿನ ಕೋಣೆಯ ದೀಪ ಹಾಕಿದ. ಬಂದು ನಡುಮನೆಯದನ್ನು ಆರಿಸಿಬಿಟ್ಟ.

“ಮನೆಗೊಂದೇ ದೀಪ ಅಂದಿದ್ದೆ. ಅದು ಅಲ್ಲುರೀಲಿ ಬುಡಿ,” ಎಂದ. ಅತ್ತೆಯ ಕಡೆ ತಿರುಗಿ, “ಕೈ ತೊಳ್ಕೊಂಡು ಓಗವ್ವ, ಓದ್ಕೊ.”

ಅಜ್ಜಿ ಲಕ್ಷ್ಮಿಯ ಮಾತೆತ್ತಲಿಲ್ಲ. ಕತ್ತಲಲ್ಲೇ ಕಾಳು ಹಿಚುಕಿದೆವು. ಅಪ್ಪನೂ ಬಂದು ನಮ್ಮ ಜೊತೆ ಕೂತ. ಕೋಣೆಯಿಂದ ಅತ್ತೆಯ ಓದು ಕೇಳತೊಡಗಿತು. ಎರಡು ಸಾಲು ಓದುವಷ್ಟರಲ್ಲಿ ಅಳುತ್ತಾ ನಿಲ್ಲಿಸಿಬಿಟ್ಟಳು. ನನಗೂ ಅಳು ಬಂತು.

ಅಪ್ಪ ಕೂತಲ್ಲಿಂದಲೇ ಹೇಳಿದ: “ನಿಲ್ಲುಸ್ಬ್ಯಾಡ ಕಣವ್ವ, ಮೀಟ್ರು ಓಡ್ತಾ ಅದೆ.”